ಬೆರಳ ಬುಡದ ಗೆರೆ

ಮನೆಯ ಮುಂದಿನ ಕೋಣೆ ಗೋಡೆಯಿಂದ ಗೋಡೆಗೆ ಹನ್ನೊಂದು ಹೆಜ್ಜೆ. ಬನ್ನಣ್ಣ ಮಾತ್ರ ಎಂಟನೆಯ ಹೆಜ್ಜೆಗೇ ತಿರುಗುತ್ತಿದ್ದ. ಮುಂದೆ ಮೂರು ಹೆಜ್ಜೆ ಜಾಗ ಖಾಲಿ ಬಿದ್ದಿತ್ತು, ಯಾರೂ ಅಡ್ಡ ನಿಂತಿರಲಿಲ್ಲ, ಕುರ್ಚಿಯೂ ಇರಲಿಲ್ಲ. ಆದರೂ ಕಾಲು ತಾನಾಗಿ ತಿರುಗಿಬಿಡುತ್ತಿತ್ತು. ಹನ್ನೊಂದು ವರ್ಷದಿಂದ ಅವನು ಇರುವ ಕೊಠಡಿಯ ಉದ್ದ ಎಂಟು ಹೆಜ್ಜೆ. ಏಳು ದಿನದ ಪೆರೋಲ್ ಸಿಕ್ಕಿದೆ ಎಂದು ಅವನ ತಲೆಗೆ ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ.

"ಅಪ್ಪಾ, ಸ್ವಲ್ಪ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ," ಎಂದಳು ಮಗಳು, ಪುಸ್ತಕದಿಂದ ಕಣ್ಣೆತ್ತದೆ.

ಅವಳಿಗೆ ಹದಿನಾಲ್ಕು. ಅವನು ಒಳಗೆ ಹೋದಾಗ ಮೂರು. ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ನೀರು ಬೇಕಾ, ಫ್ಯಾನ್ ಹಾಕ್ಲಾ ಎಂದು ಕೇಳುತ್ತಿದ್ದಳೇ ಹೊರತು ಹತ್ತಿರ ಸುಳಿಯುತ್ತಿರಲಿಲ್ಲ. ಅವನೂ ನೆಂಟನ ಹಾಗೆಯೇ ಇದ್ದ. ಬಚ್ಚಲಿಗೆ ಹೋಗುವ ಮುಂಚೆ ಎದ್ದು ನಿಂತು, "ಹೋಗ್ಬರ್ಲಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಮೊದಲ ದಿನ ಅವಳಿಗೆ ಅಳು ಬಂತು. ಎರಡನೆಯ ದಿನ ನಗು ಬಂತು. ಮೂರನೆಯ ದಿನ, "ಆಯ್ತು, ಸಾಹೇಬರ ಅಪ್ಪಣೆ ಆಗಿದೆ, ಹೋಗಿ," ಎಂದು ರೇಗಿಸಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಅಳುವುದಕ್ಕೆ ಅವಳಿಗೆ ಬಿಡುವು ಕಡಿಮೆ.

ಬನ್ನಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಜೈಲಿನ ಬೇಕರಿಯಲ್ಲಿ ಹತ್ತು ವರ್ಷ ಬನ್ನು ಮಾಡಿ ಗಳಿಸಿದ ಬಿರುದು ಅದು. ಅದಕ್ಕೆ ಮೊದಲು ವ್ಯಾನ್ ಓಡಿಸುತ್ತಿದ್ದ. ವ್ಯಾನ್ ನಿಲ್ಲಿಸುವ ಜಾಗಕ್ಕಾಗಿ ಇನ್ನೊಬ್ಬ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆದು, ಸಿಟ್ಟು ನೆತ್ತಿಗೇರಿ, ಎರಡೂ ಕೈಯಲ್ಲಿ ಅವನನ್ನು ತಳ್ಳಿದ. ಆ ಮನುಷ್ಯ ಮೆಟ್ಟಿಲ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ಒಂದು ಗಳಿಗೆಯ ಸಿಟ್ಟಿಗೆ ಒಂದು ಜೀವ ಹೋಯಿತು, ಎರಡು ಸಂಸಾರ ಮುರಿದು ಬಿತ್ತು. ಇದನ್ನು ಬನ್ನಣ್ಣ ಯಾರ ಮುಂದೆಯೂ ಅಲ್ಲಗಳೆದವನಲ್ಲ, ಕನ್ನಡಿಯ ಮುಂದೆಯಂತೂ ಇಲ್ಲವೇ ಇಲ್ಲ.

ಈಗ ಅವನ ಪ್ರಾಣ ತಿನ್ನುತ್ತಿದ್ದದ್ದು ಒಂದು ಹಾಳೆ ಕಾಗದ. ಮುಂದಿನ ತಿಂಗಳು ಬಿಡುಗಡೆ ಸಮಿತಿ ಕೂರುತ್ತದೆ. ನಡತೆ ಚೆನ್ನಾಗಿದೆ ಎಂದು ಜೈಲಿನವರು ಬರೆದಾಗಿದೆ. ಹೊರಗಿನವರು ಯಾರಾದರೂ ತಮ್ಮ ಅಂಗಡಿಯ ಹೆಸರಿರುವ ಕಾಗದದ ಮೇಲೆ 'ಇವನಿಗೆ ನಾವು ಕೆಲಸ ಕೊಡುತ್ತೇವೆ' ಎಂದು ಬರೆದು ಸಹಿ ಹಾಕಿದರೆ ಅವನು ಮನೆಗೆ ಬರುತ್ತಾನೆ. ಇಲ್ಲದಿದ್ದರೆ ಇನ್ನೂ ಮೂರು ವರ್ಷ. ಮೂರು ವರ್ಷವೆಂದರೆ ಮಗಳಿಗೆ ಹದಿನೇಳಾಗುತ್ತದೆ. ಆ ಹೊತ್ತಿಗೆ ಅವಳು ಫ್ಯಾನ್ ಹಾಕ್ಲಾ ಎಂದು ಕೇಳುವುದನ್ನೂ ಬಿಟ್ಟಿರುತ್ತಾಳೆ ಎಂಬ ಭಯ ಅವನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಹಾಗಾಗಿ ಸೋಮವಾರದಿಂದಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದ. ಬೆಳಿಗ್ಗೆ ಹತ್ತಕ್ಕೆ ಪೊಲೀಸ್ ಠಾಣೆಯಲ್ಲಿ ಸಹಿ ಹಾಕಬೇಕು ಎಂಬುದು ಪೆರೋಲಿನ ನಿಯಮ. ಇವನು ಎಂಟಕ್ಕೇ ಹೋಗಿ ನಿಲ್ಲುತ್ತಿದ್ದ. "ಇಷ್ಟು ಬೇಗ ಬಂದ್ರೆ ನಾನು ನಿನಗೆ ತಿಂಡಿ ತರಿಸ್ಬೇಕಾಗುತ್ತೆ ಕಣಯ್ಯಾ," ಎಂದು ಠಾಣೆಯ ಪೇದೆ ಗೊಣಗಿದ. ಸಹಿ ಹಾಕಿ ಹೊರಬಿದ್ದರೆ ಸಂಜೆಯವರೆಗೂ ಅಂಗಡಿ, ಹೋಟೆಲು, ಕಾರ್ಖಾನೆ. ಎಲ್ಲ ಕಡೆಯೂ ಮೊದಲ ಕಾಟ ಬಾಗಿಲಿನದು. ಹನ್ನೊಂದು ವರ್ಷ ಯಾವ ಬಾಗಿಲನ್ನೂ ತನ್ನ ಕೈಯಾರೆ ತೆರೆಯದವನು, ಗಾಜಿನ ಬಾಗಿಲ ಮುಂದೆ ಯಾರಾದರೂ ತೆರೆದಾರೆಂದು ಕೈಕಟ್ಟಿ ನಿಂತುಬಿಡುತ್ತಿದ್ದ. ಹಿಂದಿನಿಂದ ಬಂದವರು, "ಏನ್ರೀ, ಮುಹೂರ್ತ ಕಾಯ್ತಿದ್ದೀರಾ?" ಎಂದಾಗಲೇ ಎಚ್ಚರ.

ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರು ಚೆನ್ನಾಗಿಯೇ ಮಾತಾಡಿಸಿದ.

"ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?"

"ಸರ್ಕಾರಿ ಬೇಕರೀಲಿ ಸಾರ್."

"ಸರ್ಕಾರಕ್ಕೆ ಬೇಕರಿ ಎಲ್ಲಿದೆ?"

ಎಲ್ಲಿದೆ ಎಂದು ಬನ್ನಣ್ಣ ಹೇಳಿದ. ಮ್ಯಾನೇಜರು ಟೇಬಲ್ಲಿನ ಮೇಲಿದ್ದ ತನ್ನ ಮೊಬೈಲನ್ನು ಮೆಲ್ಲಗೆ ಎತ್ತಿ ಜೇಬಿಗೆ ಹಾಕಿಕೊಂಡ. ಅಲ್ಲಿಗೆ ಮಾತು ಮುಗಿಯಿತು. ಉಳಿದವರು ಇಷ್ಟು ಹೊತ್ತೂ ಕೂರಿಸಿಕೊಳ್ಳಲಿಲ್ಲ. ಗುರುವಾರ ಸಂಜೆಯ ಹೊತ್ತಿಗೆ ಅವನ ಕೈಯಲ್ಲಿ ಕಾಗದವೂ ಇರಲಿಲ್ಲ, ಕಾಲಲ್ಲಿ ಶಕ್ತಿಯೂ ಇರಲಿಲ್ಲ.

ಶುಕ್ರವಾರ ಬಸ್ ನಿಲ್ದಾಣದ ಹಿಂದಿನ ಬೇಕರಿಗೆ ಹೋದ. ಹಳೆಯ ಬೇಕರಿ, ಎರಡು ಗಾಜಿನ ಕಪಾಟು, ಗಲ್ಲಾಪೆಟ್ಟಿಗೆಯ ಹಿಂದೆ ದುಂಡಗಿನ ಒಡತಿ. ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಬನ್ನಣ್ಣ ಈ ಸಲ ಸುತ್ತಿ ಬಳಸಲಿಲ್ಲ. ಜೈಲು, ಭಾನುವಾರ ಸಂಜೆಗೆ ಮುಗಿಯುವ ಪೆರೋಲ್, ಸಮಿತಿ, ಪತ್ರ ಎಂದು ಒಂದೇ ಉಸಿರಿಗೆ ಒದರಿಬಿಟ್ಟ. ಒಡತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಿಜ ಹೇಳಿದ್ಯಲ್ಲ, ಅಷ್ಟು ಸಾಕು. ಜನ ಸಿಗದೆ ನಾನೂ ಒದ್ದಾಡ್ತಿದ್ದೀನಿ," ಎಂದಳು. "ಆದ್ರೆ ಒಳಗಿನ ರಾಜ್ಯ ನಂದಲ್ಲ, ಮಾಸ್ಟರದ್ದು. ಮೂವತ್ತು ವರ್ಷದಿಂದ ಭಟ್ಟಿ ಮುಂದೆ ಅವರೇ. ನಾಳೆ ಮಧ್ಯಾಹ್ನ ಬಾ, ಸಂಜೆ ಬನ್ನು ನೀನೇ ಮಾಡು. ಅವರು ಹೂಂ ಅಂದ್ರೆ ಆ ನಿಮಿಷಾನೇ ಬರ್ಕೊಡ್ತೀನಿ."

ಅಂದು ಮನೆಯಲ್ಲಿ ಬನ್ನಣ್ಣ ಊಟಕ್ಕೆ ಕೂತವನು ಮೂರು ಸಲ ಎದ್ದ. ಹೆಂಡತಿ ಅವನ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಒಂದೇ ಸಾಕಾಗಿತ್ತು, ಅವಳಿಗೂ ಕೈ ಸುಮ್ಮನಿರಲಿಲ್ಲ ಅಷ್ಟೆ.

ಬೇಕರಿಯ ಒಳಕೋಣೆ ಬೇರೆಯೇ ಲೋಕ. ನಾದಿ ನಾದಿ ನಡುವೆ ತಗ್ಗು ಬಿದ್ದ ಮರದ ಮೇಜು, ಗೋಡೆಗೆ ಒರಗಿಸಿದ ಕಪ್ಪು ಟ್ರೇಗಳು, ಮೂಲೆಯಲ್ಲಿ ಮೈದಾ ಮೂಟೆ, ಬಾಯಿ ತೆರೆದು ಕಾಯುತ್ತಿದ್ದ ಭಟ್ಟಿ. ಮಾಸ್ಟರ್ ಅರವತ್ತು ದಾಟಿದ ಸಣಕಲು ಮನುಷ್ಯ, ಹುಬ್ಬಿನ ತುಂಬ ಹಿಟ್ಟು, ಬಾಯಲ್ಲಿ ಮಾತಿಲ್ಲ. ಮದುವೆಯಿಲ್ಲ ಮಕ್ಕಳಿಲ್ಲ ಎಂದು ಒಡತಿ ಹೇಳಿದ್ದಳು. ಆದರೂ ಬಲಗೈಯ ಉಂಗುರದ ಬೆರಳಿಗೆ ಅಗಲವಾದ ಉಂಗುರವೊಂದಿತ್ತು. ಬೇಕರಿಯವರು ಹಿಟ್ಟಿಗೆ ಕೈ ಹಾಕುವ ಮುಂಚೆ ಉಂಗುರ ತೆಗೆದಿಡುವುದು ವಾಡಿಕೆ. ಇವರು ತೆಗೆಯುತ್ತಿರಲಿಲ್ಲ. ನಾದುವುದನ್ನು ಬೇರೆಯವರ ಕೈಲಿ ಮಾಡಿಸಿ, ತಾವು ಭಟ್ಟಿಯ ಮುಂದೆ ನಿಲ್ಲುತ್ತಿದ್ದರು.

"ಅರವತ್ತು ಬನ್ನು," ಎಂದರು. ಅಷ್ಟೆ.

ಹಿಟ್ಟಿಗೆ ಕೈ ಹಾಕಿದೊಡನೆ ಬನ್ನಣ್ಣನಿಗೆ ಒಂದು ವಾರದಲ್ಲಿ ಮೊದಲ ಸಲ ಉಸಿರು ಸರಾಗವಾಯಿತು. ನಾದಿದ, ಬಟ್ಟೆ ಮುಚ್ಚಿದ, ಉಬ್ಬುವ ತನಕ ಕಾದ. ಉಬ್ಬಿದ ಹಿಟ್ಟನ್ನು ಮೇಜಿಗೆ ಸುರಿದು ಉದ್ದಕ್ಕೆ ಹೊಸೆದ. ಇನ್ನು ತುಂಡು ಮಾಡಬೇಕು. ಮೇಜಿನ ಮೇಲೆ, ಕೈಯಳತೆಯಲ್ಲೇ, ಅಗಲ ಅಲಗಿನ ಚಾಕು ಇತ್ತು. ಅವನ ಕೈ ಅದರ ಗೊಡವೆಗೆ ಹೋಗಲಿಲ್ಲ. ಅಂಗಿಯ ಜೇಬಿನಿಂದ ಒಂದು ಮೊಳ ದಾರ ತೆಗೆದು, ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಉಂಗುರದ ಬೆರಳಿಗೆ ಸುತ್ತಿ, ಹಿಟ್ಟಿನ ಕೆಳಗಿಂದ ಮೇಲಕ್ಕೆ ಎಳೆದ. ಒಂದು ತುಂಡು. ಮತ್ತೊಂದು. ಮತ್ತೊಂದು.

ಜೈಲಿನ ಬೇಕರಿಯಲ್ಲಿ ಅಲಗು ಎಂಬುದಿಲ್ಲ. ಚಾಕು ಇರಲಿ, ಹರಿತವಾದ ತಗಡು ಕೂಡ ಒಳಗೆ ಬಿಡುವುದಿಲ್ಲ. ಅಲ್ಲಿನವರು ಮೊದಲಿನಿಂದಲೂ ಹಿಟ್ಟು ಕತ್ತರಿಸುವುದು ದಾರದಲ್ಲಿ. ವರ್ಷಗಟ್ಟಲೆ ಎಳೆದೆಳೆದು ಬೆರಳ ಬುಡದಲ್ಲಿ ಒಂದು ಗೆರೆ ಬೀಳುತ್ತದೆ, ಮೊದಲು ಕೆಂಪಗೆ, ಆಮೇಲೆ ಬಿಳಿ. ಆ ಗೆರೆ ಸಾಯುವ ತನಕ ಹೋಗುವುದಿಲ್ಲ ಎಂದು ಒಳಗಿನ ಹಳಬರು ಹೇಳುತ್ತಾರೆ.

ಹತ್ತಿಪ್ಪತ್ತು ತುಂಡಾಗುವ ಹೊತ್ತಿಗೆ ದಾರ ಪಟ್ಟನೆ ಹರಿಯಿತು. ಬನ್ನಣ್ಣ ನಾಲಿಗೆ ಕಚ್ಚಿಕೊಂಡು ತುಂಡು ದಾರವನ್ನು ಗಂಟು ಹಾಕಲು ಪರದಾಡಿದ.

"ಒಂಟಿ ಎಳೆ ನಿಲ್ಲಲ್ಲ," ಎನ್ನುತ್ತ ಮಾಸ್ಟರ್ ಹತ್ತಿರ ಬಂದರು. ಅವನ ಕೈಯಿಂದ ದಾರ ತೆಗೆದುಕೊಂಡು ಜೋಡಿ ಎಳೆ ಮಾಡಿದರು, ನೀರಿನ ಬಟ್ಟಲಿಗೆ ಅದ್ದಿದರು. "ಒದ್ದೆ ಮಾಡ್ಕೋಬೇಕು. ಇಲ್ಲಾಂದ್ರೆ ಹಿಟ್ಟಿಗೆ ಅಂಟುತ್ತೆ." ಹೇಳುತ್ತ ಹೇಳುತ್ತಲೇ ಉಂಗುರ ಕಳಚಿ ಮೇಜಿನ ಮೇಲಿಟ್ಟು, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಎಳೆದರು. ತುಂಡು ನೀಟಾಗಿ ಬಿತ್ತು. ದಾರ ಹೋಗಿ ಕೂತದ್ದು ಬೆರಳ ಬುಡದ ಒಂದು ಬಿಳಿ ಗೆರೆಯೊಳಗೆ.

ಇಬ್ಬರೂ ಆ ಗೆರೆಯನ್ನು ನೋಡಿದರು. ಆಮೇಲೆ ಬನ್ನಣ್ಣನ ಬೆರಳಿನ ಗೆರೆಯನ್ನು ನೋಡಿದರು. ಪಾಪ, ಮಾಸ್ಟರ್ ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕೈಗೆ ಬೀಗ ಹಾಕುವುದು ಹೇಗೆ? ಅವರ ಮುಖದ ಮೇಲಿನ ಹಿಟ್ಟು ಯಾವುದು, ಬಿಳಿಚಿಕೊಂಡ ಚರ್ಮ ಯಾವುದು ಎಂದು ಗೊತ್ತಾಗಲಿಲ್ಲ.

"ಎಷ್ಟು ವರ್ಷ ಇದ್ರಿ?" ಬನ್ನಣ್ಣ ಪಿಸುಗುಟ್ಟಿದ.

ಮಾಸ್ಟರ್ ಬಾಗಿಲಿನ ಪರದೆಯ ಕಡೆ ಕಣ್ಣು ಹಾಯಿಸಿದರು. ಆಚೆ ಒಡತಿ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದ ಸದ್ದು. "ಒಂಬತ್ತು," ಎಂದರು. "ಮೆಲ್ಲಗೆ ಮಾತಾಡು. ಇಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ."

ಅರವತ್ತು ಬನ್ನು ಬೆಂದು ಹೊರಬಂದವು. ಮಾಸ್ಟರ್ ಒಂದು ಬನ್ನು ಮುರಿದರು, ಮೂಸಿದರು, ಬೆರಳಿನಿಂದ ಒತ್ತಿ ಬಿಟ್ಟು ಅದು ಮೇಲೇಳುವುದನ್ನು ನೋಡಿದರು.

"ಚೆನ್ನಾಗಿದೆ," ಎಂದರು. ಬನ್ನಣ್ಣನ ಎದೆ ಹಿಗ್ಗಿತು. "ಆದ್ರೂ ಬೇಡ."

"ಯಾಕೆ ಮಾಸ್ಟರ್?"

"ನನ್ನ ಕೈ, ನಿನ್ನ ಕೈ, ದಿನಾ ಒಂದೇ ಮೇಜಿನ ಮೇಲೆ. ಇಬ್ಬರಿಗೂ ಒಂದೇ ಗೆರೆ. ಇವತ್ತಲ್ಲ ನಾಳೆ ಯಾರಾದ್ರೂ ನೋಡ್ತಾರೆ. ನಿಂದು ಎಲ್ಲಿಂದ ಬಂತು ಅಂತ ಅಕ್ಕನಿಗೆ ಗೊತ್ತಲ್ಲ, ನಂದೂ ಗೊತ್ತಾಗುತ್ತೆ. ಈ ವಯಸ್ಸಲ್ಲಿ ನಾನು ಎಲ್ಲಿಗೆ ಹೋಗ್ಲಿ?" ಮಾಸ್ಟರ್ ಉಂಗುರವನ್ನು ಮತ್ತೆ ಬೆರಳಿಗೆ ಏರಿಸಿಕೊಂಡರು. "ನಿಂಗೆ ಸಂಸಾರ ಇದೆ. ನಂಗಿರೋದು ಈ ಭಟ್ಟಿ ಒಂದೇ ಕಣಪ್ಪಾ."

ಬನ್ನಣ್ಣನಿಗೆ ಸಿಟ್ಟು ಬಂತು. ಬಂತು ಎಂದರೆ ಅಂಗಾಲಿನಿಂದ ನೆತ್ತಿಗೆ ಬಂತು. ಹನ್ನೊಂದು ವರ್ಷದ ಹಿಂದೆ ಬಂದಿದ್ದ ಅದೇ ಸಿಟ್ಟು, ಅದೇ ದಾರಿಯಲ್ಲಿ. ಪರದೆ ಸರಿಸಿ ಒಂದೇ ಒಂದು ಮಾತು ಹೇಳಿದರೆ ಸಾಕು. ಅಥವಾ ಹೇಳುತ್ತೇನೆ ಎಂದು ಹೆದರಿಸಿದರೂ ಸಾಕು, ಮುದುಕ ತೆಪ್ಪಗೆ ಹೂಂ ಅನ್ನುತ್ತಾನೆ, ಕಾಗದ ಕೈಗೆ ಬರುತ್ತದೆ, ಮುಂದಿನ ತಿಂಗಳು ಮನೆ. ಎರಡೂ ಅಂಗೈಗಳನ್ನು ಮೇಜಿನ ಮೇಲೆ, ಹಿಟ್ಟಿನಲ್ಲಿ, ಕವುಚಿ ಒತ್ತಿ ಹಿಡಿದು ನಿಂತ. ಜೀವಮಾನಕ್ಕೆ ಒಬ್ಬ ಮನುಷ್ಯನನ್ನು ತಳ್ಳಿದ್ದೇ ಸಾಕಾಗಿತ್ತು.

ಹೊರಗೆ ಬಂದಾಗ ಒಡತಿ ಕೇಳಿದಳು, "ಏನಂದ್ರು?"

"ನನ್ನ ಕೈ ಇನ್ನೂ ಪಳಗ್ಬೇಕಂತೆ ಅಕ್ಕ."

"ಅಯ್ಯೋ, ಘಮ ಅಂತ ವಾಸನೆ ಬರ್ತಿತ್ತಲ್ಲೋ."

"ಅದು ನಿಮ್ಮ ಭಟ್ಟಿ ಗುಣ," ಎಂದು ಹೇಳಿ ಹೊರಟ. ಹಿಂದೆ ಪರದೆ ಅಲುಗಿದಂತಾಯಿತು. ತಿರುಗಿ ನೋಡಲಿಲ್ಲ. ಬೀದಿಗೆ ಬಿದ್ದ ಮೇಲೆ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಅತ್ತ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. "ಕಾಲು ಹಿಡೀಬೇಕಿತ್ತು ರೀ! ಮಾನ ಮರ್ಯಾದೆ ಎಲ್ಲ ಎಲ್ಲಿಟ್ಟುಕೊಂಡು ಪೂಜೆ ಮಾಡ್ತೀರಿ? ಬನ್ನು ಸರಿ ಬರ್ಲಿಲ್ವಾ?"

"ಬಂತು."

"ಮತ್ತೇನು ದಾಡಿ ಅವರಿಗೆ?"

ಅವನು ಬಿಳಿ ಅಂಗಿ ಬಿಚ್ಚಿ ಮಡಿಸಿದ. ಹೇಳಿದ್ದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಆಗಲೇ ಬೇಕರಿಗೆ ಹೊರಡುವ ಪೈಕಿ. ಅವಳು ಬೈದಳು, ಅತ್ತಳು, ಆಮೇಲೆ ಅವನ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ಬಡಿಸಿದಳು.

ಭಾನುವಾರ ಸಂಜೆ ಐದರೊಳಗೆ ಜೈಲು ಸೇರಬೇಕು. ಬೆಳಿಗ್ಗೆಯೇ ಚೀಲ ಕಟ್ಟಿಟ್ಟು ಬನ್ನಣ್ಣ ಮುಂದಿನ ಕೋಣೆಯಲ್ಲಿ ಅಡ್ಡಾಡತೊಡಗಿದ. ಎಂಟು ಹೆಜ್ಜೆ, ತಿರುಗು. ಎಂಟು ಹೆಜ್ಜೆ, ತಿರುಗು. ಮಗಳು ಬಹಳ ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ ಪುಸ್ತಕ ಮುಚ್ಚಿ, ಎದ್ದು ಹೋಗಿ, ಕೊನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಅಪ್ಪಾ, ಇಲ್ಲಿವರೆಗೂ ಬಾ."

ಅವನು ಎಂಟಕ್ಕೆ ಬಂದು ನಿಂತ. ಕಾಲು ಆಗಲೇ ತಿರುಗಲು ಹವಣಿಸುತ್ತಿತ್ತು. ಮಗಳು ಕೈ ಚಾಚಿ ಅವನ ಮುಂಗೈ ಹಿಡಿದು ಎಳೆದಳು. ಒಂಬತ್ತು, ಹತ್ತು, ಹನ್ನೊಂದು. ಅವನ ಹಣೆ ಅವಳ ತಲೆಗೆ ತಾಗಿತು.

"ಇನ್ನೊಂದ್ಸಲ," ಎಂದಳು. "ನಿಂಗೆ ಅಭ್ಯಾಸ ಆಗೋ ತನಕ ಬಿಡಲ್ಲ ನಾನು."

ಅಪ್ಪ ಮಗಳು ಮಧ್ಯಾಹ್ನದ ತನಕ ಗೋಡೆಯಿಂದ ಗೋಡೆಗೆ ನಡೆದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಬ್ಬರಿಗೂ ಹುಚ್ಚು," ಎಂದು ಕಣ್ಣೊರೆಸಿಕೊಂಡಳು.

ಜೈಲಿನ ದ್ವಾರದ ಮುಂದೆ ಬಸ್ಸಿಳಿದಾಗ ಐದಕ್ಕೆ ಹದಿನೈದು ನಿಮಿಷ ಇತ್ತು. ಮೂವರೂ ನಾಲ್ಕು ಹೆಜ್ಜೆ ಇಟ್ಟಿದ್ದರಷ್ಟೆ, ಮಗಳು ಅವನ ತೋಳು ಜಗ್ಗಿದಳು. "ಅಲ್ನೋಡು, ಆ ತಾತ ನಿನ್ನನ್ನೇ ಕರೀತಿದ್ದಾರೆ."

ರಸ್ತೆಯ ಆ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಗೋಡೆಗೆ ಅಂಟಿಕೊಂಡು ಮಾಸ್ಟರ್ ನಿಂತಿದ್ದರು. ತಲೆ ಬಾಚಿದ್ದರು, ತೊಳೆದ ಅಂಗಿ ತೊಟ್ಟಿದ್ದರು. ಹುಬ್ಬಿನಲ್ಲಿ ಹಿಟ್ಟಿಲ್ಲದ ಕಾರಣ ಬನ್ನಣ್ಣನಿಗೆ ತಟ್ಟನೆ ಗುರುತು ಸಿಗಲಿಲ್ಲ. ಅವರು ಕೈ ಬೀಸುತ್ತಿದ್ದರು, ರಸ್ತೆ ದಾಟುತ್ತಿರಲಿಲ್ಲ. ಇವನೇ ದಾಟಿ ಹೋದ.

"ಇದಕ್ಕಿಂತ ಹತ್ತಿರ ಬರೋಕೆ ಕಾಲು ಏಳ್ತಿಲ್ಲ," ಎಂದರು ಮಾಸ್ಟರ್. ಅವರ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. "ಮೂವತ್ತು ವರ್ಷದಿಂದ ಈ ರಸ್ತೆ ಬಳಸಿಕೊಂಡು ಓಡಾಡಿದ್ದೀನಿ. ಬಸ್ಸು ಈ ಕಡೆ ಬರುತ್ತೆ ಅಂದ್ರೆ ಇಳಿದುಬಿಡ್ತಿದ್ದೆ." ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟರು. ಅವರ ಬೆರಳಲ್ಲಿ ಉಂಗುರ ಇರಲಿಲ್ಲ.

ಬೇಕರಿಯ ಹೆಸರು ಅಚ್ಚಾಗಿದ್ದ ಕಾಗದ. ಒಡತಿಯ ದುಂಡನೆಯ ಅಕ್ಷರದಲ್ಲಿ, ಈತ ಬಿಡುಗಡೆಯಾದ ದಿನದಿಂದ ನಮ್ಮಲ್ಲಿ ಕೆಲಸವಿದೆ ಎಂದು ಬರೆದು ಸಹಿ ಹಾಕಿತ್ತು. ಅದರ ಕೆಳಗೆ ಸೊಟ್ಟಪಟ್ಟ ಅಕ್ಷರದ ಎರಡು ಸಾಲು: 'ಈತನ ಕೆಲಸ ನಾನು ನೋಡಿದ್ದೇನೆ. ಈತನಿಗೆ ನಾನು ಹೊಣೆ. ಬೇಕರಿ ಮಾಸ್ಟರ್, ಹಿಂದೆ ಇದೇ ಜೈಲಿನ ಕೈದಿ, ನಂಬರ್ ಮುನ್ನೂರ ಹದಿನೇಳು.'

ಬನ್ನಣ್ಣ ಎರಡು ಸಲ ಓದಿದ. "ಅಕ್ಕನಿಗೆ ಹೇಳಿಬಿಟ್ರಾ?"

"ನೀನು ಹೇಳ್ತೀಯ ಅಂತ ಪರದೆ ಹಿಂದೆ ಉಸಿರು ಹಿಡ್ಕೊಂಡು ನಿಂತಿದ್ದೆ. ನೀನು ನಿನ್ನ ಕೈನೇ ಬೈಕೊಂಡು ಹೋದೆ. ಆಮೇಲೆ ನಂಗೆ ಆ ಬನ್ನು ಗಂಟಲಲ್ಲಿ ಇಳೀಲಿಲ್ಲ."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಒಂದು ಗಂಟೆ ನನ್ನ ಕಡೆ ನೋಡ್ಲೂ ಇಲ್ಲ. ಆಮೇಲೆ ಪೆನ್ನು ಎಲ್ಲಿ ಅಂತ ಕೇಳಿದ್ರು." ಮಾಸ್ಟರ್ ನೆಲ ನೋಡಿದರು. "ನಾಳೆ ಹೇಗೋ ಗೊತ್ತಿಲ್ಲ. ಭಟ್ಟಿ ಹೊತ್ತಿಸೋಕೆ ಬಾ ಅಂತೂ ಅಂದಿದ್ದಾರೆ."

ಬನ್ನಣ್ಣ ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ದಾರ ಎಸೆದುಬಿಡು," ಎಂದರು ಮಾಸ್ಟರ್ ಗದರುವ ದನಿಯಲ್ಲಿ. "ಚಾಕು ಹಿಡಿಯೋದು ನಾನು ಕಲಿಸ್ತೀನಿ. ನಂಗೆ ಅದಕ್ಕೇ ಎರಡು ವರ್ಷ ಹಿಡೀತು."

"ಇನ್ನೊಂದು ತಿಂಗಳು ದಾರ ಬೇಕಲ್ಲ ಮಾಸ್ಟರ್," ಎಂದ ಬನ್ನಣ್ಣ. ಆ ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಕಾಗದವನ್ನು ಹೆಂಡತಿ ಕಸಿದುಕೊಂಡು ಓದಿದಳು, ಮಗಳು ಅವಳ ಭುಜದ ಮೇಲಿಂದ ಓದಿದಳು. ಐದಕ್ಕೆ ಐದು ನಿಮಿಷ ಇರುವಾಗ ಬನ್ನಣ್ಣ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ದ್ವಾರದ ಕಡೆ ದಾಪುಗಾಲು ಹಾಕಿದ. "ಏನಯ್ಯಾ, ಒಳಗೆ ಹೋಗೋಕೆ ಇಷ್ಟೊಂದು ಅವಸರ?" ಎಂದು ಕಾವಲಿನವನು ಬೆರಗಾದ.

ಕೊಠಡಿ ಹಾಗೆಯೇ ಇತ್ತು. ಅದೇ ಚಾಪೆ, ಅದೇ ಕಂಬಿ, ಅದೇ ಜೊತೆಗಾರ. ಕಾಗದ ಕಚೇರಿಗೆ ಕೊಟ್ಟಾಗಿತ್ತು. ಇನ್ನು ತಿಂಗಳು ಕಾಯಬೇಕು. ಕೂರಲಾರದೆ ಬನ್ನಣ್ಣ ಎದ್ದು ಅಡ್ಡಾಡತೊಡಗಿದ. ಒಂದು, ಎರಡು, ಮೂರು.

ಢಬ್ ಎಂದು ಸದ್ದಾಯಿತು. ಜೊತೆಗಾರ ಬೆಚ್ಚಿ ಎದ್ದು ಕೂತ. "ಏನಾಯ್ತೋ?"

ಬನ್ನಣ್ಣ ಗೋಡೆಯ ಮುಂದೆ ನಿಂತು ಹಣೆ ಉಜ್ಜಿಕೊಳ್ಳುತ್ತಿದ್ದ. ಒಂಬತ್ತನೆಯ ಹೆಜ್ಜೆ ಇಟ್ಟಿದ್ದ.